ಸೆನ್ಸಾರ್ ಬದಲಿಸುವ ಮುನ್ನ ಮೀಟರ್ ಹಿಡಿಯಿರಿ: ಹಳೆಯ ಇಂಜೆಕ್ಷನ್ ಕಾರಿನ ದೋಷ ಪತ್ತೆ

ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುವ ಕಾರು. ಹತ್ತು ಕಿಲೋಮೀಟರ್ ಓಡಿ ಎಂಜಿನ್ ಕಾದ ಮೇಲೆ ಐಡಲ್ ಏರಿಳಿಯುತ್ತದೆ, ಸೈಲೆನ್ಸರ್‌ನಿಂದ ಕರಿ ಹೊಗೆ ಬರುತ್ತದೆ, ಹಿಂದೆ ನಿಂತರೆ ಹಸಿ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತದೆ. ಚೆಕ್ ಎಂಜಿನ್ ದೀಪ ಮಾತ್ರ ಉರಿಯುವುದಿಲ್ಲ. ನನ್ನ ಕೈಗೆ ಬರುವ ಹೊತ್ತಿಗೆ ಆ ಕಾರಿಗೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಟೆಂಪರೇಚರ್ ಸೆನ್ಸಾರ್ ಎರಡು ಸಲ, ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡುವ ಆಕ್ಸಿಜನ್ ಸೆನ್ಸಾರ್ ಒಂದು ಸಲ ಬದಲಾಗಿತ್ತು. ಹಾಕಿದ ಸಾಮಾನೆಲ್ಲ ಹೊಸದು, ಕಾಯಿಲೆ ಹಳೆಯದೇ.

ಹಳೆಯ ಇಂಜೆಕ್ಷನ್ ಕಾರುಗಳಲ್ಲಿ ಇದು ಮತ್ತೆ ಮತ್ತೆ ನಡೆಯುತ್ತದೆ. ಸೆನ್ಸಾರ್ ಅನ್ನುವುದು ಸುಲಭವಾಗಿ ಬಿಚ್ಚಿ ಹಾಕಬಹುದಾದ ಸಾಮಾನು, ಹಾಗಾಗಿ ತಪ್ಪೆಲ್ಲ ಅದರ ತಲೆಗೇ ಬರುತ್ತದೆ. ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಸಿಕ್ಕರಂತೂ ಮುಗಿಯಿತು, ಅಂಗಡಿಗೆ ಓಟ. ಆದರೆ ಕೋಡ್ ಹೇಳುವುದೇನು ಅಂತ ಒಮ್ಮೆ ಸರಿಯಾಗಿ ಓದಿ. ಪಿ0118 ಅಂದರೆ ಕೂಲಂಟ್ ತಾಪಮಾನದ ಸರ್ಕ್ಯೂಟ್‌ನಲ್ಲಿ ವೋಲ್ಟೇಜ್ ಹೆಚ್ಚಿದೆ ಎಂದಷ್ಟೇ ಅರ್ಥ. ಸೆನ್ಸಾರ್ ಕೆಟ್ಟಿದೆ ಎಂದು ಅದು ಎಲ್ಲೂ ಹೇಳುವುದಿಲ್ಲ. ಸರ್ಕ್ಯೂಟ್ ಅಂದಾಗ ಸೆನ್ಸಾರ್, ಅದರ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಗ್), ಎರಡು ವೈರ್, ನಡುವಿನ ಕನೆಕ್ಟರ್‌ಗಳು, ಅರ್ಥ್ (ಬ್ಯಾಟರಿಯ ನೆಗೆಟಿವ್‌ಗೆ ಮರಳುವ ಹಾದಿ), ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎಲ್ಲವೂ ಸೇರಿತು. ಹದಿನೈದು ಇಪ್ಪತ್ತು ವರ್ಷ ಬಿಸಿ, ನೀರು, ಎಣ್ಣೆ, ಅಲುಗಾಟ ತಿಂದ ಎಂಜಿನ್ ಕೋಣೆಯಲ್ಲಿ ಮೊದಲು ಸೋಲುವುದು ತಾಮ್ರ ತಾಮ್ರಕ್ಕೆ ತಾಗುವ ಜಾಗ. ಅದಕ್ಕೇ ನನ್ನ ಕ್ರಮದಲ್ಲಿ ಸೆನ್ಸಾರ್‌ನ ಸರದಿ ಕೊನೆಗೆ ಬರುತ್ತದೆ.

ಕೋಡ್ ತೆಗೆಯುವ ಬಗೆ ಕಾರಿನ ವಯಸ್ಸಿನ ಮೇಲೆ ಹೋಗುತ್ತದೆ. ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಒಂದೇ ಬಗೆಯ ಹದಿನಾರು ಪಿನ್‌ನ ಸಾಕೆಟ್ ಬಂತು. ಅದಕ್ಕಿಂತ ಹಳೆಯವುಗಳಲ್ಲಿ ಬಹುಪಾಲು ಎರಡು ಪಿನ್ ಜೋಡಿಸಿ ದೀಪದ ಮಿಣುಕನ್ನು ಎಣಿಸಬೇಕು, ಯಾವ ಪಿನ್ ಎಂಬುದು ಆ ಮಾಡೆಲ್‌ನ ರಿಪೇರಿ ಪುಸ್ತಕದಲ್ಲಿರುತ್ತದೆ. ಯಾವುದೇ ಆಗಲಿ, ಬ್ಯಾಟರಿ ಬಿಚ್ಚುವ ಮೊದಲೇ ಕೋಡ್ ಬರೆದುಕೊಳ್ಳಿ. ಬಿಚ್ಚಿದರೆ ಅನೇಕ ಕಾರುಗಳಲ್ಲಿ ಅದು ಅಳಿಸಿ ಹೋಗುತ್ತದೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಹತ್ತು ಮೆಗಾಓಮ್ ಇನ್‌ಪುಟ್ ಇರುವ ಡಿಜಿಟಲ್ ಮಲ್ಟಿಮೀಟರ್, ಕಪ್ಲರ್‌ನ ಹಿಂಬದಿಯಿಂದ ವೈರ್ ಪಕ್ಕದಲ್ಲೇ ನುಸುಳುವಷ್ಟು ಸಣ್ಣ ಗುಂಡುಪಿನ್‌ಗಳು, ಒಂದು ಥರ್ಮಾಮೀಟರ್, ಆ ಕಾರಿನ ವೈರಿಂಗ್ ನಕ್ಷೆ. ವೈರ್‌ನ ಹೊದಿಕೆಗೆ ಮಾತ್ರ ಸೂಜಿ ಚುಚ್ಚಬೇಡಿ. ಇವತ್ತು ಚುಚ್ಚಿದ ತೂತಿನಲ್ಲಿ ನೀರಿಳಿದು ಮುಂದಿನ ವರ್ಷ ಒಳಗಿನ ತಾಮ್ರ ಹಸಿರಾಗಿರುತ್ತದೆ. ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಕೂಡ ಇಸಿಯು ವೈರ್‌ಗಳ ಹತ್ತಿರ ಬರಕೂಡದು. ಅದು ಎಳೆಯುವ ಕರೆಂಟಿಗೆ ಒಳಗಿನ ಸರ್ಕ್ಯೂಟ್ ಸುಟ್ಟೀತು. ಕಪ್ಲರ್ ತೆಗೆಯುವಾಗ, ಹಾಕುವಾಗ ಕೀ ಆಫ್ ಇರಲಿ. ಹಳದಿ ಹೊದಿಕೆಯ ವೈರ್ ಕಂಡರೆ ಅದು ಏರ್‌ಬ್ಯಾಗ್‌ನದಿರಬಹುದು, ಅಲ್ಲಿಗೆ ಮೀಟರ್ ಹಚ್ಚಲೇಬೇಡಿ. ಎಂಜಿನ್ ಓಡಿಸಿ ಅಳೆಯುವ ಕೆಲಸವೆಲ್ಲ ಗಾಳಿಯಾಡುವ ಬಯಲಿನಲ್ಲಿ ನಡೆಯಲಿ, ಮುಚ್ಚಿದ ಶೆಡ್‌ನಲ್ಲಿ ಬೇಡ.

ಬ್ಯಾಟರಿ, ಅರ್ಥ್, ಐದು ವೋಲ್ಟ್

ನಿಂತ ಕಾರಿನ ಬ್ಯಾಟರಿಯಲ್ಲಿ 12.4ರಿಂದ 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.5 ಇರಬೇಕು. ಸೆಲ್ಫ್ ಹೊಡೆಯುವಾಗ ಹತ್ತರ ಕೆಳಗೆ ಕುಸಿಯುತ್ತಿದ್ದರೆ ಉಳಿದ ಯಾವ ಅಳತೆಯನ್ನೂ ನಂಬಬೇಡಿ, ಮೊದಲು ಬ್ಯಾಟರಿ ಸರಿಮಾಡಿ.

ಆಮೇಲೆ ಅರ್ಥ್. ಇದನ್ನು ಓಮ್‌ನಲ್ಲಿ ನೋಡಿದರೆ ಮೋಸ ಹೋಗುತ್ತೀರಿ. ಏಳೆಂಟು ಎಳೆ ಕಡಿದು ಒಂದೇ ಎಳೆ ಉಳಿದ ವೈರ್ ಕೂಡ ಮೀಟರ್‌ನಲ್ಲಿ ಸೊನ್ನೆ ಓಮ್ ತೋರಿಸುತ್ತದೆ. ಕರೆಂಟ್ ಹರಿಯುವಾಗಲೇ ಅಳೆಯಬೇಕು. ಮೀಟರ್‌ನ ಕಪ್ಪು ತುದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ ಒತ್ತಿ, ಅದರ ಮೇಲಿನ ಕ್ಲಾಂಪಿಗಲ್ಲ. ಕೆಂಪು ತುದಿ ಸೆನ್ಸಾರ್ ಕಪ್ಲರ್‌ನ ಅರ್ಥ್ ಪಿನ್‌ಗೆ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್, ಬ್ಲೋವರ್, ಹಿಂಗಾಜಿನ ಹೀಟರ್ ಎಲ್ಲ ಹಾಕಿ. 50 ಮಿಲಿವೋಲ್ಟ್‌ಗಿಂತ ಕಡಿಮೆ ಬಂದರೆ ಸರಿ. ನೂರು ದಾಟಿತೆಂದರೆ ಅರ್ಥ್ ಹಾದಿಯಲ್ಲಿ ಎಲ್ಲೋ ತುಕ್ಕು ಕೂತಿದೆ. ಅಷ್ಟೂ ವೋಲ್ಟೇಜ್ ಸೆನ್ಸಾರ್‌ನ ಮಾತಿನ ಜೊತೆ ಸೇರಿಕೊಂಡು ಇಸಿಯುಗೆ ಹೋಗುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ನಾಲ್ಕು ಕೋಡ್ ಒಟ್ಟಿಗೆ ಬಂದಿದ್ದರೆ ನಾನು ನೋಡುವ ಮೊದಲ ಜಾಗ ಇದು.

ಎರಡನೆಯ ಜಾಗ ಐದು ವೋಲ್ಟ್‌ನ ಲೈನ್. ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು), ಮ್ಯಾಪ್ (ಇನ್‌ಟೇಕ್ ಒತ್ತಡ) ಮುಂತಾದ ಮೂರು ವೈರ್ ಸೆನ್ಸಾರ್‌ಗಳಿಗೆ ಇಸಿಯು ಒಂದೇ ಕಡೆಯಿಂದ ಐದು ವೋಲ್ಟ್ ಹಂಚುತ್ತದೆ. ಕೀ ಆನ್ ಮಾಡಿ ಅಳೆದರೆ 4.9ರಿಂದ 5.1ರ ನಡುವೆ ಬರಬೇಕು. ಸೊನ್ನೆ ಬಂದರೆ ಇಸಿಯು ಹೋಯಿತೆಂದು ಗಾಬರಿ ಬೀಳಬೇಡಿ. ಆ ಲೈನಿನಲ್ಲಿರುವ ಸೆನ್ಸಾರ್‌ಗಳ ಕಪ್ಲರ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಬನ್ನಿ. ಯಾವುದನ್ನು ತೆಗೆದಾಗ ಐದು ವೋಲ್ಟ್ ಮರಳಿತೋ ಅದು ಒಳಗೆ ಶಾರ್ಟ್ ಆಗಿ ಉಳಿದವರನ್ನೂ ಕೆಡವುತ್ತಿತ್ತು. ಎಲ್ಲ ತೆಗೆದರೂ ಬರದಿದ್ದರೆ ಆಗ ವೈರಿಂಗ್, ಅದರ ನಂತರವಷ್ಟೇ ಇಸಿಯು.

ಕೂಲಂಟ್ ಸೆನ್ಸಾರ್: ದೀಪ ಉರಿಸದೆ ಕಾಡುವ ಕಾಯಿಲೆ

ಇದರೊಳಗೆ ಇರುವುದು ಒಂದು ಥರ್ಮಿಸ್ಟರ್. ಬಿಸಿ ಏರಿದಂತೆ ರೆಸಿಸ್ಟೆನ್ಸ್ ಇಳಿಯುತ್ತದೆ. ತುಂಬಾ ಕಾರುಗಳಲ್ಲಿ ಸಿಗುವ ಬಾಷ್ ಮಾದರಿಯದು ಸೊನ್ನೆ ಡಿಗ್ರಿಯಲ್ಲಿ ಸುಮಾರು 5,900 ಓಮ್, 20 ಡಿಗ್ರಿಯಲ್ಲಿ 2,500, 40ರಲ್ಲಿ 1,200, 60ರಲ್ಲಿ 600, 80ರಲ್ಲಿ 320, ನೂರರಲ್ಲಿ 190. ಬೇರೆ ತಯಾರಕರ ಅಂಕಿ ಬೇರೆ ಇರುತ್ತದೆ, ಇಳಿಯುವ ರೀತಿ ಮಾತ್ರ ಇದೇ. ಅಂಕಿಗಳನ್ನು ನಿಧಾನವಾಗಿ ನೋಡಿ. ತಣ್ಣಗಿದ್ದಾಗ ಹತ್ತಿಪ್ಪತ್ತು ಡಿಗ್ರಿಗೆ ಸಾವಿರಗಟ್ಟಲೆ ಓಮ್ ವ್ಯತ್ಯಾಸ, ಬಿಸಿಯಾದ ಮೇಲೆ ನೂರಿನ್ನೂರು ಮಾತ್ರ. ಈ ಒಂದು ಗುಣ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಆ ಕರಿ ಹೊಗೆಯ ಕಾರಿಗೆ ಬರೋಣ. ರಾತ್ರಿಯೆಲ್ಲ ನಿಂತಿದ್ದ ಎಂಜಿನ್, ಥರ್ಮಾಮೀಟರ್‌ನಲ್ಲಿ 21 ಡಿಗ್ರಿ. ಕಪ್ಲರ್ ತೆಗೆದು ಸೆನ್ಸಾರ್‌ನ ಎರಡು ಪಿನ್‌ಗಳ ನಡುವೆ ಅಳೆದೆ, 2,400 ಓಮ್. ಸರಿ. ಎಂಜಿನ್ ಓಡಿಸಿ ರೇಡಿಯೇಟರ್ ಫ್ಯಾನ್ ತಿರುಗುವ ಮುನ್ನ ಆಫ್ ಮಾಡಿ ಅಳೆದೆ, 320. ಅದೂ ಸರಿ. ಇಲ್ಲಿಗೆ ನಿಲ್ಲಿಸಿದ್ದರೆ ಸೆನ್ಸಾರ್ ಸರಿಯಿದೆ ಎಂದು ಬಿಟ್ಟು, ನಾನೂ ಇಂಜೆಕ್ಟರ್ ಕಡೆಗೋ ಫ್ಯೂಯೆಲ್ ಪ್ರೆಷರ್ ಕಡೆಗೋ ಹೊರಟುಬಿಡುತ್ತಿದ್ದೆ. ಹಾಗೆ ಹೋಗುವ ಮೊದಲು ಇಸಿಯುಗೆ ಏನು ಕಾಣುತ್ತಿದೆ ಎಂದು ನೋಡಬೇಕಿತ್ತು. ಸೆನ್ಸಾರ್ ಕಪ್ಲರ್ ಮತ್ತೆ ಹಾಕಿ, ಕೀ ಆಫ್ ಇಟ್ಟು, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಇಸಿಯುವಿನ ದೊಡ್ಡ ಪ್ಲಗ್ ತೆಗೆದೆ. ನಕ್ಷೆಯಲ್ಲಿ ಕೂಲಂಟ್ ಸಿಗ್ನಲ್ ಮತ್ತು ಸೆನ್ಸಾರ್ ಅರ್ಥ್ ಎಂದು ಗುರುತಿಸಿದ್ದ ಎರಡು ಪಿನ್‌ಗಳ ನಡುವೆ ಮೀಟರ್ ಇಟ್ಟರೆ 2,270 ಓಮ್!

ಸೆನ್ಸಾರ್ 320 ಅನ್ನುತ್ತಿದೆ, ಇಸಿಯುಗೆ ಕೇಳುತ್ತಿರುವುದು 2,270. ನಡುವಿನ 1,950 ಓಮ್ ಹಾದಿಯಲ್ಲಿ ಎಲ್ಲೋ ಕೂತಿದೆ. ಎಂಬತ್ತು ಡಿಗ್ರಿ ಬಿಸಿಯಾದ ಎಂಜಿನ್ ಇನ್ನೂ ಇಪ್ಪತ್ತೆರಡು ಇಪ್ಪತ್ಮೂರು ಡಿಗ್ರಿಯಲ್ಲೇ ಇದೆ ಎಂದು ಇಸಿಯು ನಂಬಿದೆ, ತಣ್ಣನೆಯ ಎಂಜಿನ್‌ಗೆ ಹಾಕುವಷ್ಟು ಪೆಟ್ರೋಲ್ ಸುರಿಯುತ್ತಿದೆ. ಬೆಳಿಗ್ಗೆ ಏಕೆ ತೊಂದರೆ ಇಲ್ಲ? ಅದೇ 1,950 ಓಮ್ ಬೆಳಗಿನ 2,400ಕ್ಕೆ ಸೇರಿದರೆ 4,350. ಅಂದರೆ ಇಪ್ಪತ್ತೊಂದು ಡಿಗ್ರಿಯ ಎಂಜಿನ್ ಏಳು ಡಿಗ್ರಿ ಎಂದು ಕಾಣುತ್ತದೆ, ಅಷ್ಟೆ. ಸ್ವಲ್ಪ ಹೆಚ್ಚು ಪೆಟ್ರೋಲ್ ಸಿಕ್ಕಿ ಸ್ಟಾರ್ಟಿಂಗ್ ಇನ್ನೂ ಸಲೀಸು. ದೀಪ ಏಕಿಲ್ಲ? 22 ಡಿಗ್ರಿ ಎಂಬುದು ಅಸಾಧ್ಯವಾದ ಅಂಕಿ ಅಲ್ಲ. ವೈರ್ ಪೂರ್ತಿ ಕಡಿದಿದ್ದರೆ ಇಸಿಯುಗೆ ಮೈನಸ್ ನಲವತ್ತು ಕಾಣುತ್ತಿತ್ತು, ಶಾರ್ಟ್ ಆಗಿದ್ದರೆ ಕುದಿಯುವ ಬಿಸಿ ಕಾಣುತ್ತಿತ್ತು, ಆಗ ಕೋಡ್ ಬರುತ್ತಿತ್ತು. ಆ ಕಾಲದ ಕಾರುಗಳ ಬಹಳಷ್ಟು ಇಸಿಯುಗಳಿಗೆ ನಂಬುವಂತಹ ಸುಳ್ಳನ್ನು ಹಿಡಿಯುವ ಶಕ್ತಿ ಇಲ್ಲ.

ಅದಕ್ಕೇ ಎರಡು ಕಡೆ ಅಳೆಯಿರಿ ಎಂದು ಒತ್ತಿ ಹೇಳುತ್ತೇನೆ. ಸೆನ್ಸಾರ್‌ನ ಬಾಯಲ್ಲೊಮ್ಮೆ, ಇಸಿಯುವಿನ ಕಿವಿಯಲ್ಲೊಮ್ಮೆ, ತಣ್ಣಗಿದ್ದಾಗ ಮತ್ತು ಕಾದ ಮೇಲೆ. ಎಂಜಿನ್ ಒಳಗೆ ಬರುವ ಗಾಳಿಯ ತಾಪಮಾನ ಅಳೆಯುವ ಸೆನ್ಸಾರ್‌ಗೂ ಇದೇ ವಿಧಾನ ನಡೆಯುತ್ತದೆ. ರಾತ್ರಿ ಪೂರ್ತಿ ನಿಂತ ಕಾರಿನಲ್ಲಿ ಎರಡು ಸೆನ್ಸಾರ್‌ಗಳೂ ಒಂದೇ ತಾಪಮಾನ ಹೇಳಬೇಕು. ಹೇಳದಿದ್ದರೆ ಎರಡರಲ್ಲೊಂದು ಸುಳ್ಳು. ಇನ್ನೊಂದು ಎಚ್ಚರಿಕೆ: ಕಾದ ಎಂಜಿನ್‌ನಲ್ಲಿ ಸೆನ್ಸಾರ್ ಬಿಚ್ಚುವುದಾಗಲಿ ರೇಡಿಯೇಟರ್ ಮುಚ್ಚಳ ತೆರೆಯುವುದಾಗಲಿ ಮಾಡಬೇಡಿ, ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಎರಚುತ್ತದೆ.

ಥ್ರಾಟಲ್ ಪೊಸಿಷನ್ ಸೆನ್ಸಾರ್

ಥ್ರಾಟಲ್ ಎಷ್ಟು ತೆರೆದಿದೆ ಎಂದು ಹೇಳುವ ಇದು ರೇಡಿಯೋದ ಹಳೆಯ ವಾಲ್ಯೂಮ್ ಗುಬಟಿಯ ಹಾಗೆ. ಕಾರ್ಬನ್ ಪಟ್ಟಿಯ ಮೇಲೆ ಒಂದು ಕೈ ಸರಿದಾಡುತ್ತದೆ. ಕೀ ಆನ್, ಎಂಜಿನ್ ಆಫ್ ಇಟ್ಟು ಸಿಗ್ನಲ್ ವೈರ್‌ಗೆ ಮೀಟರ್ ಹಚ್ಚಿ. ಥ್ರಾಟಲ್ ಮುಚ್ಚಿದಾಗ ಅರ್ಧ ವೋಲ್ಟ್ ಆಸುಪಾಸು, ಪೂರ್ತಿ ತೆರೆದಾಗ ನಾಲ್ಕೂವರೆ ಆಸುಪಾಸು. ಎರಡು ತುದಿಗಳು ಸರಿ ಬಂದವೆಂದು ಕೈ ಬಿಡಬೇಡಿ, ಕಾಯಿಲೆ ಇರುವುದು ನಡುವಿನಲ್ಲಿ. ಕಾರು ಜೀವಮಾನದ ಬಹುಭಾಗ ಓಡಿರುವುದು ಎಕ್ಸಲರೇಟರ್ ಸ್ವಲ್ಪವೇ ಒತ್ತಿದ ಸ್ಥಿತಿಯಲ್ಲಿ, ಪಟ್ಟಿ ಸವೆದಿರುವುದೂ ಅಲ್ಲೇ.

ಈ ಒಂದು ಪರೀಕ್ಷೆಗೆ ಮುಳ್ಳಿರುವ ಹಳೆಯ ಮೀಟರ್ ಡಿಜಿಟಲ್‌ಗಿಂತ ಮೇಲು. ಥ್ರಾಟಲ್ ಅನ್ನು ಬೆರಳಲ್ಲಿ ಹಿಡಿದು, ಪೂರ್ತಿ ತೆರೆಯಲು ಹತ್ತು ಸೆಕೆಂಡ್ ಹಿಡಿಯುವಷ್ಟು ನಿಧಾನವಾಗಿ ಸರಿಸುತ್ತಾ ಮುಳ್ಳನ್ನೇ ನೋಡುತ್ತಿರಿ. ಅದು ಒಂದೇ ನಡಿಗೆಯಲ್ಲಿ ಏರಬೇಕು. ಒಂದು ಕಡೆ ಚಕ್ಕನೆ ಕೆಳಗೆ ಬಿದ್ದು ಎದ್ದರೆ ಅಲ್ಲಿ ಪಟ್ಟಿ ಸತ್ತಿದೆ. ಕಾರು ಅದೇ ವೇಗದಲ್ಲಿ ಒಂದು ಜರ್ಕ್ ಹೊಡೆಯುತ್ತಿತ್ತೇ ಎಂದು ನೆನಪಿಸಿಕೊಳ್ಳಿ. ಡಿಜಿಟಲ್ ಮೀಟರ್ ಮಾತ್ರ ಇದ್ದರೆ ಕನಿಷ್ಠ ಗರಿಷ್ಠ ಹಿಡಿದಿಡುವ ಗುಂಡಿ ಒತ್ತಿ ಸರಿಸಿ. ಬೀಳುವ ಗಳಿಗೆ ಕಣ್ಣಿಗೆ ತಪ್ಪಿದರೂ ಮೀಟರ್‌ಗೆ ಸಿಕ್ಕೀತು. ಹಾಗೇ ಸೆನ್ಸಾರ್ ಮೈಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ಐಡಲ್ ಸ್ವಿಚ್ ಮಾತ್ರ ಇರುವ ಮಾದರಿಗಳಲ್ಲಿ ಥ್ರಾಟಲ್ ಮುಚ್ಚಿದಾಗ ಸ್ವಿಚ್ ಕೂಡುತ್ತದೆಯೇ ಎಂದು ನೋಡಿದರೆ ಸಾಕು.

ಮ್ಯಾಪ್ ಸೆನ್ಸಾರ್, ಗಾಳಿ ಅಳೆಯುವ ಮೀಟರ್

ಮ್ಯಾಪ್ ಸೆನ್ಸಾರ್ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಒತ್ತಡ ಅಳೆಯುತ್ತದೆ. ಕೀ ಆನ್ ಮಾಡಿ ಎಂಜಿನ್ ಓಡಿಸದೆ ನೋಡಿದರೆ ಹೊರಗಿನ ಗಾಳಿಯ ಒತ್ತಡವೇ ಅದಕ್ಕೆ ಕಾಣುತ್ತದೆ. ಸಮುದ್ರ ಮಟ್ಟದಲ್ಲಿ ಬಹುತೇಕ ಮಾದರಿಗಳು ನಾಲ್ಕು ವೋಲ್ಟ್ ಮೇಲೆ ತೋರಿಸುತ್ತವೆ. ಎತ್ತರದ ಊರಿನಲ್ಲಿದ್ದರೆ ಪ್ರತಿ ಸಾವಿರ ಮೀಟರ್‌ಗೆ ಒತ್ತಡ ಶೇಕಡಾ ಹನ್ನೊಂದರಷ್ಟು ಕಡಿಮೆ, ವೋಲ್ಟೇಜ್ ಕೂಡ ಅದಕ್ಕೆ ತಕ್ಕಂತೆ ಇಳಿದಿರುತ್ತದೆ, ಅದು ದೋಷವಲ್ಲ. ಎಂಜಿನ್ ಐಡಲ್‌ಗೆ ಬಂದರೆ ಒಂದು ಒಂದೂವರೆ ವೋಲ್ಟ್‌ಗೆ ಇಳಿಯಬೇಕು. ಇಳಿಯದಿದ್ದರೆ ಸೆನ್ಸಾರ್‌ಗಿಂತ ಮೊದಲು ಅದರ ಸಣ್ಣ ರಬ್ಬರ್ ಹೋಸ್ ಬಗ್ಗಿಸಿ ನೋಡಿ. ನೇರವಾಗಿದ್ದಾಗ ಕಾಣದ ಬಿರುಕು ಬಗ್ಗಿಸಿದಾಗ ಬಾಯಿ ತೆರೆಯುತ್ತದೆ. ವ್ಯಾಕ್ಯೂಮ್ ಪಂಪ್ ಇಲ್ಲದವರು ಸೂಜಿ ಇಲ್ಲದ ದೊಡ್ಡ ಸಿರಿಂಜ್‌ ಅನ್ನು ಹೋಸ್‌ಗೆ ಸಿಕ್ಕಿಸಿ ಎಳೆಯಬಹುದು. ಎಳೆದಂತೆ ವೋಲ್ಟೇಜ್ ಇಳಿಯಬೇಕು, ಹಿಡಿದು ನಿಂತರೆ ಅಲ್ಲೇ ನಿಲ್ಲಬೇಕು. ತಾನಾಗಿ ಏರುತ್ತಾ ಹೋದರೆ ಎಲ್ಲೋ ಸೋರುತ್ತಿದೆ.

ಮ್ಯಾಪ್ ಬದಲು ಬಾಗಿಲು ಇರುವ ಏರ್‌ಫ್ಲೋ ಮೀಟರ್ ಇದ್ದರೆ, ಏರ್ ಫಿಲ್ಟರ್ ಕಡೆಯಿಂದ ಬಾಗಿಲನ್ನು ಬೆರಳಲ್ಲಿ ಮೆಲ್ಲನೆ ತಳ್ಳುತ್ತಾ ಥ್ರಾಟಲ್ ಸೆನ್ಸಾರ್‌ಗೆ ಮಾಡಿದ್ದನ್ನೇ ಮಾಡಿ. ಒಳಗಿರುವುದು ಅಂತಹದೇ ಕಾರ್ಬನ್ ಪಟ್ಟಿ. ಬಿಸಿ ತಂತಿಯ ಮಾದರಿಯಾದರೆ ಬೆರಳಾಗಲಿ ಬಟ್ಟೆಯಾಗಲಿ ತಾಗಿಸಬೇಡಿ, ತಂತಿ ಕೂದಲಿನಂತೆ ತೀರಾ ಸಣ್ಣದು. ಅದಕ್ಕೆಂದೇ ಸಿಗುವ ಸ್ಪ್ರೇ ಹೊಡೆದು ಒಣಗಲು ಬಿಡಿ. ಮೀಟರ್ ಮತ್ತು ಥ್ರಾಟಲ್ ನಡುವಿನ ದೊಡ್ಡ ರಬ್ಬರ್ ಬೆಲ್ಲೋಸ್ ಒಡೆದಿದ್ದರೆ ಅಳೆಯದ ಗಾಳಿ ಒಳ ಹೋಗುತ್ತದೆ, ಬೈಗುಳ ಮಾತ್ರ ಮೀಟರ್‌ಗೆ ಸಿಗುತ್ತದೆ.

ಕ್ರ್ಯಾಂಕ್ ಸೆನ್ಸಾರ್

ಓಡುತ್ತಾ ಓಡುತ್ತಾ ಎಂಜಿನ್ ಗಪ್ಪನೆ ನಿಂತು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗದಂತೆ ಸ್ಟಾರ್ಟ್ ಆದರೆ, ಕ್ರ್ಯಾಂಕ್ ಶಾಫ್ಟ್ ತಿರುಗುವುದನ್ನು ಇಸಿಯುಗೆ ತಿಳಿಸುವ ಈ ಸೆನ್ಸಾರ್ ಮೇಲೆ ಅನುಮಾನ ಇಡಿ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಚೂರೂ ಅಲುಗದಿದ್ದರೆ ಅದು ಒಳ್ಳೆಯ ಸುಳಿವು.

ಎರಡು ವೈರ್‌ನದು ಬಹುಪಾಲು ಅಯಸ್ಕಾಂತ, ಸುರುಳಿ ಇರುವ ಮಾದರಿ. ಸುರುಳಿಯ ರೆಸಿಸ್ಟೆನ್ಸ್ ಸಾಮಾನ್ಯವಾಗಿ ಕೆಲವು ನೂರು ಓಮ್‌ನಿಂದ ಸಾವಿರದ ಆಸುಪಾಸು. ತಣ್ಣಗಿದ್ದಾಗ ಸರಿ ಬರುವುದು ಸಹಜ, ಕಾಯಿಲೆ ಬರುವುದೇ ಬಿಸಿಗೆ. ಬಿಚ್ಚಿ ತಂದು ಹೇರ್ ಡ್ರೈಯರ್‌ನಿಂದ ಕಾಯಿಸುತ್ತಾ ಅಳೆಯಿರಿ. ಇಲ್ಲೊಂದು ಮೋಸವಿದೆ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಶೇಕಡಾ 0.4ರಷ್ಟು ತಾನಾಗಿಯೇ ಏರುತ್ತದೆ. 20 ಡಿಗ್ರಿಯಲ್ಲಿ 800 ಇದ್ದದ್ದು ನೂರು ಡಿಗ್ರಿಯಲ್ಲಿ 1,050 ಆದರೆ ಅದು ಆರೋಗ್ಯದ ಲಕ್ಷಣ. ಹಂತ ಹಂತವಾಗಿ ಏರದೆ ಒಮ್ಮೆಗೇ ಓಪನ್ ಎಂದು ತೋರಿಸಿದರೆ ಒಳಗಿನ ತಂತಿ ಬಿಟ್ಟಿದೆ. ಜೊತೆಗೆ ಮೀಟರ್ ಅನ್ನು ಎಸಿ ವೋಲ್ಟ್‌ಗೆ ಇಟ್ಟು ಸೆಲ್ಫ್ ಹೊಡೆಸಿ, ಅರ್ಧ ವೋಲ್ಟ್ ಮೇಲೆ ಬರಬೇಕು. ರೆಸಿಸ್ಟೆನ್ಸ್ ಸರಿಯಿದ್ದು ಇದು ಬರದಿದ್ದರೆ ಸೆನ್ಸಾರ್ ತುದಿಗೆ ಅಂಟಿದ ಕಬ್ಬಿಣದ ಪುಡಿ ಒರೆಸಿ, ಹಲ್ಲಿನ ಚಕ್ರಕ್ಕೂ ಅದಕ್ಕೂ ಇರುವ ಸಂದು ನೋಡಿ.

ಮೂರು ವೈರ್ ಇದ್ದರೆ ಅದು ಹಾಲ್ ಮಾದರಿ ಇರಬಹುದು, ಒಳಗೆ ಎಲೆಕ್ಟ್ರಾನಿಕ್ಸ್ ಇರುತ್ತದೆ. ನಕ್ಷೆ ನೋಡಿ ಖಚಿತ ಮಾಡಿಕೊಳ್ಳಿ, ಓಮ್ ಅಳೆಯಲು ಹೋಗಬೇಡಿ. ಕೀ ಆನ್ ಮಾಡಿ ಸ್ಪ್ಯಾನರ್‌ನಲ್ಲಿ ಕ್ರ್ಯಾಂಕ್ ಪುಲ್ಲಿಯನ್ನು ಕೈಯಾರೆ ತಿರುಗಿಸಿದರೆ ಸಿಗ್ನಲ್ ಸೊನ್ನೆಗೂ ಪೂರ್ತಿ ವೋಲ್ಟೇಜ್‌ಗೂ ಜಿಗಿಯುತ್ತಿರಬೇಕು. ಅದಕ್ಕೆ ಮೊದಲು ಗೇರ್ ನ್ಯೂಟ್ರಲ್‌ನಲ್ಲಿದೆಯೇ ನೋಡಿ, ಇಗ್ನಿಷನ್ ಕಾಯಿಲ್ ಮತ್ತು ಇಂಜೆಕ್ಟರ್‌ಗಳ ಕಪ್ಲರ್ ತೆಗೆದಿಡಿ.

ಆಕ್ಸಿಜನ್ ಸೆನ್ಸಾರ್

ಕಾರಿಗೆ ಇದು ಮೊದಲು ಬಂದದ್ದು 1976ರಲ್ಲಿ, ವೋಲ್ವೊ ಕಾರಿನಲ್ಲಿ. ಅಂದಿನಿಂದ ಇಂದಿನವರೆಗೂ ನಿಜ ಹೇಳಿದ್ದಕ್ಕೇ ಹೊರಗೆ ಹಾಕಿಸಿಕೊಳ್ಳುತ್ತಿರುವ ಸೆನ್ಸಾರ್ ಇದು. ಕಾದ ಎಂಜಿನ್ ಅನ್ನು 2,500 ಆರ್‌ಪಿಎಂನಲ್ಲಿ ಹಿಡಿದರೆ ಸಿಗ್ನಲ್ 0.1ರಿಂದ 0.9 ವೋಲ್ಟ್ ನಡುವೆ ತೂಗಾಡುತ್ತಿರಬೇಕು, ಹತ್ತು ಸೆಕೆಂಡಿನಲ್ಲಿ ಏಳೆಂಟು ಸಲವಾದರೂ. 0.45ರ ಮೇಲೆ ಅಂದರೆ ಪೆಟ್ರೋಲ್ ಹೆಚ್ಚು, ಕೆಳಗೆ ಅಂದರೆ ಗಾಳಿ ಹೆಚ್ಚು. ಸುಮಾರು 300 ಡಿಗ್ರಿ ಕಾಯುವವರೆಗೆ ಅದು ಮಾತೇ ಆಡುವುದಿಲ್ಲ, ಅವಸರ ಬೇಡ.

0.8ರಲ್ಲೇ ಅಂಟಿ ಕೂತಿದ್ದರೆ ಸೆನ್ಸಾರ್ ಕೆಟ್ಟಿದೆಯೋ, ಎಂಜಿನ್ ನಿಜಕ್ಕೂ ಪೆಟ್ರೋಲ್ ಕುಡಿಯುತ್ತಿದೆಯೋ? ಒಂದು ವ್ಯಾಕ್ಯೂಮ್ ಹೋಸ್ ಬಿಚ್ಚಿ ಗಾಳಿ ಬಿಡಿ. ವೋಲ್ಟೇಜ್ ಕೂಡಲೇ ಕೆಳಗಿಳಿದರೆ ಸೆನ್ಸಾರ್ ಜೀವಂತ, ಅದು ಹೇಳುತ್ತಿದ್ದುದು ಸತ್ಯ. ಕೆಳಗೇ ಅಂಟಿದ್ದರೆ ಎಕ್ಸಲರೇಟರ್ ಒಮ್ಮೆ ಜೋರಾಗಿ ಒತ್ತಿ, 0.8ಕ್ಕೆ ಹಾರಬೇಕು. ನೆನಪಿರಲಿ, ಒಂದು ಪ್ಲಗ್ ಕಿಡಿ ಬಿಡದೆ ಮಿಸ್ ಆದರೆ ಉರಿಯದ ಆಮ್ಲಜನಕ ಹೊರಬಂದು ಸೆನ್ಸಾರ್ ಗಾಳಿ ಹೆಚ್ಚಾಯಿತು ಅನ್ನುತ್ತದೆ. ಎಂಜಿನ್‌ಗೂ ಸೆನ್ಸಾರ್‌ಗೂ ನಡುವೆ ಎಕ್ಸಾಸ್ಟ್ ಪೈಪ್ ಸೋರಿದರೂ ಹಾಗೆಯೇ. ಸಿಗ್ನಲ್ ವೈರ್‌ನಲ್ಲಿ ಓಮ್ ಅಳೆದರೆ ಸೆನ್ಸಾರ್‌ಗೆ ಹಾನಿ. ಹೀಟರ್‌ನ ಎರಡು ವೈರ್‌ಗಳಲ್ಲಿ ಮಾತ್ರ ಅಳೆಯಬಹುದು, ಅಲ್ಲಿ ಕೆಲವೇ ಓಮ್ ಬರಬೇಕು.

ಎಂಜಿನ್‌ನ ಒಳಬಡಿತ ಕೇಳಿಸಿಕೊಳ್ಳುವ ನಾಕ್ ಸೆನ್ಸಾರ್ ವಿಷಯದಲ್ಲಿ ನನ್ನ ಅನುಭವಕ್ಕೆ ಬಂದ ತಪ್ಪುಗಳಲ್ಲಿ ಹೆಚ್ಚಿನವು ಬೋಲ್ಟ್‌ನವು. ಬಳೆಯಂತಿರುವ ಮಾದರಿಗೆ ಸಾಮಾನ್ಯವಾಗಿ 20 ನ್ಯೂಟನ್ ಮೀಟರ್ ಬಿಗಿ. ಅಡಿ ಸ್ವಚ್ಛ ಮಾಡಿ ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ.

ವೈರ್ ಹಿಡಿದು ಹೋಗುವುದು

ಈಗ ಆ 1,950 ಓಮ್ ಹುಡುಕಬೇಕು. ಇಸಿಯು ಪ್ಲಗ್‌ನಿಂದ ಸೆನ್ಸಾರ್ ಕಪ್ಲರ್‌ವರೆಗೆ ಒಂದೊಂದೇ ವೈರ್ ಅಳೆದೆ. ಸಿಗ್ನಲ್ ವೈರ್ ಅರ್ಧ ಓಮ್, ಅರ್ಥ್ ವೈರ್ 1,950ರ ಹತ್ತಿರ. ಮೀಟರ್ ಹಚ್ಚಿಟ್ಟು, ಹಾರ್ನೆಸ್ (ವೈರ್‌ಗಳ ಕಟ್ಟು) ಅನ್ನು ಸೆನ್ಸಾರ್ ಕಡೆಯಿಂದ ಗೇಣು ಗೇಣಾಗಿ ಅಲುಗಿಸುತ್ತಾ ಬಂದೆ. ಎಂಜಿನ್‌ನ ಹಿಂದೆ, ಹೀಟರ್ ಹೋಸ್‌ನ ಕೆಳಗೆ ಇರುವ ನಡು ಕನೆಕ್ಟರ್ ಮುಟ್ಟಿದಾಗ ಅಂಕಿ ಎಂಟುನೂರಕ್ಕೆ ಇಳಿದು ಎರಡೂವರೆ ಸಾವಿರಕ್ಕೆ ಹಾರಿತು. ಬಿಚ್ಚಿದರೆ ಹೊರಗಿನ ಪಿನ್‌ಗಳೆಲ್ಲ ಹೊಳೆಯುತ್ತಿದ್ದವು, ಮೂಲೆಯ ಒಂದು ಪಿನ್ ಸುತ್ತ ಹಸಿರು ಪುಡಿ. ಮೇಲಿನ ಹೋಸ್ ಕ್ಲಿಪ್‌ನಿಂದ ಕೂಲಂಟ್ ತೊಟ್ಟು ತೊಟ್ಟಾಗಿ ಇಳಿದು, ಆ ವೈರ್‌ನ ರಬ್ಬರ್ ಸೀಲ್ ದಾಟಿ ಒಳಗೆ ಸೇರಿತ್ತು. ವೈರ್ ಎಳೆದಾಗ ಪಿನ್ ಹೊರಗೇ ಬಂತು, ಬುಡದಲ್ಲಿ ಎರಡು ಎಳೆ ಮಾತ್ರ ಉಳಿದಿದ್ದವು.

ಮೊದಲು ಹೋಸ್ ಕ್ಲಿಪ್ ಬದಲಿಸಿದೆ, ಇಲ್ಲದಿದ್ದರೆ ಮಾಡಿದ್ದೆಲ್ಲ ಮತ್ತೆ ಹಸಿರಾಗುತ್ತದೆ. ವೈರನ್ನು ತಾಮ್ರ ಕೆಂಪಗೆ ಕಾಣುವವರೆಗೆ ಹಿಂದಕ್ಕೆ ಕತ್ತರಿಸಿದೆ, ಅಷ್ಟುದ್ದದ ತುಂಡು ಬೆಸೆದು ಹೀಟ್ ಶ್ರಿಂಕ್ ಹಾಕಿದೆ, ಎರಡೂ ಬದಿಯ ಪಿನ್ ಮತ್ತು ಸೀಲ್ ಹೊಸದು ಕೂರಿಸಿದೆ. ಕಪ್ಪಗೆ ಮಸಿ ಹಿಡಿದಿದ್ದ ನಾಲ್ಕೂ ಪ್ಲಗ್ ತೆಗೆದು ಶುಚಿ ಮಾಡಿದೆ. ಪೆಟ್ರೋಲ್ ಸೇರಿ ತೆಳುವಾಗಿದ್ದ ಎಂಜಿನ್ ಆಯಿಲ್ ಕೂಡ ಬದಲಾಯಿತು. ಆಮೇಲೆ ಎಂಜಿನ್ ಕಾಯಿಸಿ, ಮೊದಲು ಅಳೆದ ಅದೇ ಎರಡು ಜಾಗಗಳಲ್ಲಿ ಮತ್ತೆ ಮೀಟರ್ ಇಟ್ಟೆ. ಸೆನ್ಸಾರ್ ಬಳಿ 325, ಇಸಿಯು ಪ್ಲಗ್‌ನಲ್ಲಿ 326.